ಮಕ್ಕಳ ಸೊಂಟದ ಮೂಳೆ ಮುರಿತ: ಚಿಕಿತ್ಸೆ ಮತ್ತು ಚೇತರಿಕೆ

(ಮಕ್ಕಳ ಹಕ್ಕುಗಳ ವಿಶೇಷ ಗ್ರಾಮಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಹಸಿ ಬಿದಿರು ಬಾಗುತ್ತದೆ. ಒಣಗಿದ ಬಿದಿರು ಸೀಳುತ್ತದೆ. ಮಕ್ಕಳ ಸೊಂಟದ ಮೂಳೆಗಳು ಹಸಿ ಬಿದಿರಿನಂತಹವು. ಉಂಗುರದಂತೆ ಕೂಡಿಕೊಂಡಿರುವ ಈ ಮೂಳೆಗಳ ನಡುವೆ ಮೃದ್ವಸ್ಥಿ ಹೆಚ್ಚಾಗಿರುವುದರಿಂದ ಸಣ್ಣಪುಟ್ಟ ಪೆಟ್ಟಿಗೆ ಅವು ಮುರಿಯುವುದಿಲ್ಲ. ಆದುದರಿಂದ ಮಗುವಿನ ಸೊಂಟದ ಉಂಗುರ ಮುರಿದಿದೆಯೆಂದರೆ ದೇಹದ ಮೇಲೆ ಭಾರೀ ಬಲ ಬಿದ್ದಿದೆ ಎಂದೇ ತಿಳಿಯತಕ್ಕದ್ದು. ರಸ್ತೆ ದಾಟುವಾಗ ವಾಹನ ಬಡಿಯುವುದು, ಎತ್ತರದಿಂದ ಬೀಳುವುದು ಇದಕ್ಕೆ ಮುಖ್ಯ ಕಾರಣಗಳು. ಇಂತಹ ಮಕ್ಕಳ ಜೀವಕ್ಕೆ ಅಪಾಯ ಒದಗುವುದು ಬಹುಪಾಲು ಮುರಿದ ಮೂಳೆಯಿಂದಲ್ಲ; ಜೊತೆಯಲ್ಲಿಯೇ ತಲೆ, ಎದೆ, ಹೊಟ್ಟೆಗೆ ಆದ ಪೆಟ್ಟಿನಿಂದ. ಮೂತ್ರದಲ್ಲಿ ರಕ್ತ ಕಂಡರೆ ಅಥವಾ ಮೂತ್ರ ಕಟ್ಟಿದರೆ ವೈದ್ಯರಿಗೆ ಕೂಡಲೇ ತಿಳಿಸಬೇಕು.

ಬಿದ್ದ ಮಗುವನ್ನು ಎತ್ತಿ ನಿಲ್ಲಿಸಿ, ನಡೆಸಿ ನೋಡುವ ರೂಢಿ ಹಳ್ಳಿಗಳಲ್ಲಿದೆ. ಇದು ಸಲ್ಲದು. ಮಲಗಿದಂತೆಯೇ ಇರಿಸಿ 108ಕ್ಕೆ ಕರೆ ಮಾಡಬೇಕು. ಎಣ್ಣೆ ನೀವುವುದು, ಕಾಲೆಳೆದು ನಾಟಿ ಕಟ್ಟು ಹಾಕಿಸುವುದು ಒಳಗಿನ ರಕ್ತಸ್ರಾವವನ್ನು ಹೆಚ್ಚಿಸಬಹುದು. ನೆರವಿಗೆ ಬಂದವರು ಪೊಲೀಸು, ಕೋರ್ಟು ಎಂದು ಅಂಜಬೇಕಾಗಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿಸಲಾದ 134ಎ ಕಲಂ ಅವರಿಗೆ ರಕ್ಷಣೆ ಕೊಡುತ್ತದೆ.

ಮೂಳೆಗಳು ಸ್ಥಾನ ತಪ್ಪದಿದ್ದರೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. ಕೆಲವು ವಾರಗಳ ವಿಶ್ರಾಂತಿ, ಬಳಿಕ ಊರುಗೋಲಿನ ಆಸರೆ ಸಾಕು. ಉಂಗುರವೇ ಸಡಿಲಗೊಂಡಿದ್ದರೆ ಸ್ಕ್ರೂ ಅಥವಾ ಹೊರಗಿನಿಂದ ಹಿಡಿದಿಡುವ ಸರಳುಗಳನ್ನು ಅಳವಡಿಸುತ್ತಾರೆ. ಕ್ರೀಡಾಕೂಟಗಳಲ್ಲಿ ಹದಿಹರೆಯದವರಿಗೆ ಆಗುವುದು ಬೇರೆ ಬಗೆಯದು: ರಭಸದ ಓಟದಲ್ಲಿ ಸ್ನಾಯು ಸೆಳೆದು ಮೂಳೆಯ ಚೂರೊಂದು ಕಿತ್ತುಬರುತ್ತದೆ. ಅದೂ ಬಹುತೇಕ ವಿಶ್ರಾಂತಿಯಿಂದಲೇ ವಾಸಿಯಾಗುತ್ತದೆ. ದೈಹಿಕ ಶಿಕ್ಷಕರು ಪಂದ್ಯಕ್ಕಾಗಿ ಅವಸರಪಡಿಸದಿದ್ದರಾಯಿತು.

ಮಗು ಮತ್ತೆ ನಡೆದಾಡತೊಡಗಿದಾಗ ಮನೆಯವರು ಆಸ್ಪತ್ರೆಯ ದಾರಿ ಮರೆಯುತ್ತಾರೆ. ನಿಜವಾದ ಕಷ್ಟವಿರುವುದು ಇಲ್ಲಿ. ತೊಡೆಯ ಮೂಳೆಯ ಗುಂಡು ಕೂರುವ ಬಟ್ಟಲಿನಲ್ಲಿ ಮೂರು ಮೂಳೆಗಳು ಬೆಳವಣಿಗೆಯ ಮೃದ್ವಸ್ಥಿಯೊಂದರಿಂದ ಕೂಡಿಕೊಂಡಿರುತ್ತವೆ. ಹದಿಹರೆಯದಲ್ಲಿ ಅದು ಗಟ್ಟಿ ಮೂಳೆಯಾಗುವವರೆಗೆ ಬಟ್ಟಲು ಬೆಳೆಯುತ್ತಲೇ ಇರುತ್ತದೆ. ಅಪಘಾತದಲ್ಲಿ ಆ ಮೃದ್ವಸ್ಥಿ ಜಜ್ಜಿಹೋಗಿದ್ದರೆ ಮೊದಲ ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು. ವರ್ಷಗಳ ಮೇಲೆ ಬಟ್ಟಲು ಆಳವಿಲ್ಲದೆ ಉಳಿದು, ಗುಂಡು ಹೊರಸರಿದು, ಮಗು ಕುಂಟತೊಡಗುತ್ತದೆ. ಪೆಟ್ಟಾದಾಗ ಮಗು ಎಷ್ಟು ಚಿಕ್ಕದೋ ಅಪಾಯ ಅಷ್ಟು ಹೆಚ್ಚು. ಬೆಳವಣಿಗೆ ಮುಗಿಯುವವರೆಗೂ ವೈದ್ಯರು ಮರಳಿ ಬರಹೇಳುವುದು ಇದಕ್ಕಾಗಿಯೇ.

ಒಂದು ದಿನದ ಕೂಲಿ, ಬಸ್ಸಿನ ಖರ್ಚು ಸಣ್ಣ ಮಾತಲ್ಲ. ಬಾರದ ಪೋಷಕರನ್ನು ದೂರಿ ಫಲವಿಲ್ಲ. ಆಶಾ ಕಾರ್ಯಕರ್ತೆಯರು ಇಂತಹ ಮಕ್ಕಳ ಮರುತಪಾಸಣೆಯ ದಿನಾಂಕವನ್ನು ಬರೆದಿಟ್ಟುಕೊಂಡು ಮನೆಗೆ ನೆನಪಿಸಲಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗ ಹಳೆಯ ಬಿಡುಗಡೆ ಚೀಟಿ ಮತ್ತು ಎಕ್ಸ್‌ರೇಗಳನ್ನು ತೋರಿಸುವ ಹೊಣೆಯನ್ನು ತರಗತಿ ಶಿಕ್ಷಕರು ವಹಿಸಿಕೊಳ್ಳಲಿ. ಆ ಕಾಗದಗಳನ್ನು ಪೋಷಕರು ಪಡಿತರ ಚೀಟಿಯ ಜೊತೆಯಲ್ಲಿಯೇ ಜೋಪಾನವಾಗಿ ಇರಿಸತಕ್ಕದ್ದು.