ಸಮಿತಿಯ ಕುರ್ಚಿಯಲ್ಲಿ ಜ್ಯಾಕ್ ಟೆನ್ನಿ

'ಮೆಕ್ಸಿಕಾಲಿ ರೋಸ್' ಎಂಬ ಹಾಡೊಂದಿದೆ. ಜೀನ್ ಆಟ್ರಿ, ಬಿಂಗ್ ಕ್ರಾಸ್ಬಿ ಅವರ ಕಂಠದಲ್ಲಿ 1930ರ ದಶಕದಲ್ಲಿ ಅಮೆರಿಕದ ಮನೆಮನೆಗೂ ತಲುಪಿದ ಹಾಡು. ಅದಕ್ಕೆ ರಾಗ ಕಟ್ಟಿದ್ದು 1923ರಲ್ಲಿ, ಮೆಕ್ಸಿಕೋ ಗಡಿಯಲ್ಲಿ ಬ್ಯಾಂಡ್ ನುಡಿಸುತ್ತಿದ್ದ ಜ್ಯಾಕ್ ಟೆನ್ನಿ. ಮುಂದೆ ಆತ ಶಾಸಕನಾದ. ಇಪ್ಪತ್ತೇ ವರ್ಷಗಳಲ್ಲಿ ಕ್ಯಾಲಿಫೋರ್ನಿಯಾದ ಮೇಷ್ಟ್ರುಗಳೂ ಸಿನಿಮಾ ಬರಹಗಾರರೂ ಅವನ ಹೆಸರು ಕೇಳಿದರೆ ಬೆಚ್ಚುವಂತಾಯಿತು.

ಟೆನ್ನಿ ಸಂಪ್ರದಾಯವಾದಿಯಾಗಿ ಶುರುಮಾಡಿದವನಲ್ಲ. ಲಾಸ್ ಏಂಜಲೀಸ್‌ನ ಸಂಗೀತಗಾರರ ಸಂಘದ ಅಧ್ಯಕ್ಷನಾಗಿದ್ದ, ವಕೀಲಿಕೆಯನ್ನೂ ಓದಿಕೊಂಡ. 1936ರಲ್ಲಿ ಡೆಮಾಕ್ರಾಟ್ ಆಗಿ ವಿಧಾನಸಭೆಗೆ ಗೆದ್ದಾಗ ಎಡಪಂಥೀಯರ ಗೆಳೆಯ. ಎಷ್ಟೆಂದರೆ, ಆತನೂ ಕಮ್ಯುನಿಸ್ಟ್ ಎಂಬ ದೂರು ಸಂಸತ್ತಿನ ವಿಚಾರಣಾ ಸಮಿತಿಯೊಂದರ ತನಕ ಹೋಗಿತ್ತು. 1939ರ ಕೊನೆಗೆ ಸಂಘದ ಚುನಾವಣೆಯಲ್ಲಿ ಸೋತ; ಸೋಲಿಸಿದವರು ಕಮ್ಯುನಿಸ್ಟರೇ ಎಂದು ನಂಬಿದ. ಅಲ್ಲಿಂದಾಚೆ ಅವನ ರಾಜಕೀಯದಲ್ಲಿ ತತ್ವ ಎಷ್ಟು, ಹಳೆಯ ಸಿಟ್ಟು ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಸಿಟ್ಟಿನ ಪಾಲೇ ಜಾಸ್ತಿ ಎಂಬುದು ನನ್ನ ಅನಿಸಿಕೆ.

1941ರಲ್ಲಿ ರಾಜ್ಯದ 'ಅಮೆರಿಕ ವಿರೋಧಿ ಚಟುವಟಿಕೆ'ಗಳ ವಿಚಾರಣೆಗೆಂದು ಸದನ ಸಮಿತಿ ರಚನೆಯಾಯಿತು. ಟೆನ್ನಿಯೇ ಅಧ್ಯಕ್ಷ. ಮರುವರ್ಷ ರಾಜ್ಯದ ಸೆನೆಟ್‌ಗೆ ಗೆದ್ದ. 1944ರಲ್ಲಿ ರಿಪಬ್ಲಿಕನ್ ಆದ. ಆಗ ಜನಸಂಖ್ಯೆ ಎಷ್ಟೇ ಇರಲಿ, ಒಂದು ಕೌಂಟಿಗೆ ಒಬ್ಬನಿಗಿಂತ ಹೆಚ್ಚು ಸೆನೆಟರ್ ಇರುವಂತಿರಲಿಲ್ಲ. 1950ರ ಹೊತ್ತಿಗೆ 40 ಲಕ್ಷ ದಾಟಿದ ಲಾಸ್ ಏಂಜಲೀಸ್ ಕೌಂಟಿಗೆಲ್ಲ ಇವನೊಬ್ಬನೇ.

ಸಮಿತಿಯ ಕೆಲಸ ಹೀಗಿತ್ತು. ನೋಟಿಸ್ ಬರುತ್ತದೆ. ಹೋಗಿ ಕೂತರೆ, ಯಾವ ಸಭೆಗೆ ಹೋಗಿದ್ದಿರಿ, ಯಾವ ಮನವಿಗೆ ಸಹಿ ಹಾಕಿದ್ದಿರಿ ಎಂಬ ಪ್ರಶ್ನೆಗಳು. ಆಮೇಲೆ ದಪ್ಪ ದಪ್ಪ ವರದಿಗಳು, ಅವುಗಳ ತುಂಬ ಹೆಸರುಗಳು. ಜೈಲೇನೂ ಆಗಬೇಕಿರಲಿಲ್ಲ, ಹೆಸರು ಅಚ್ಚಾದರೆ ಸಾಕು, ಕೆಲಸ ಕೊಟ್ಟವರು ಮುಖ ತಿರುಗಿಸುತ್ತಿದ್ದರು.

1949ರ ಆರಂಭದಲ್ಲಿ ಟೆನ್ನಿ ಒಂದು ಸಂವಿಧಾನ ತಿದ್ದುಪಡಿ ಮಂಡಿಸಿದ: ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಿಬ್ಬಂದಿಯ ನಿಷ್ಠೆಯನ್ನು ಶಾಸನಸಭೆಯೇ ನೋಡಿಕೊಳ್ಳಬೇಕು ಎಂದು. ಅದು ಅಂಗೀಕಾರವಾಗಲೇ ಇಲ್ಲ. ಆದರೆ ವಿಶ್ವವಿದ್ಯಾಲಯದ ಆಡಳಿತ ಮಂಡಳಿ, ಶಾಸಕರು ಕೈಹಾಕುವ ಮೊದಲು ನಾವೇ ಮಾಡಿಬಿಡೋಣ ಎಂಬಂತೆ ಮಾರ್ಚ್‌ನಲ್ಲಿ ನಿಷ್ಠೆಯ ಪ್ರಮಾಣವಚನ ಹೇರಿತು. ಸಹಿ ಹಾಕದ 31 ಅಧ್ಯಾಪಕರು 1950ರ ಆಗಸ್ಟ್‌ನಲ್ಲಿ ಕೆಲಸ ಕಳೆದುಕೊಂಡರು. ಇಲಿಗಳನ್ನು ಚಕ್ರವ್ಯೂಹದಲ್ಲಿ ಓಡಿಸಿ ಕಲಿಕೆಯನ್ನು ಅಧ್ಯಯನ ಮಾಡಿದ ಮನೋವಿಜ್ಞಾನಿ ಎಡ್ವರ್ಡ್ ಟೋಲ್ಮನ್ ಪ್ರತಿರೋಧದ ಮುಂಚೂಣಿಯಲ್ಲಿದ್ದರು. ಸಹಿ ಹಾಕದ ಇನ್ನೊಬ್ಬರು ನಾತ್ಸಿ ಜರ್ಮನಿಯಿಂದ ಪಾರಾಗಿ ಬಂದ ಇತಿಹಾಸಕಾರ ಅರ್ನ್ಸ್ಟ್ ಕಾಂಟೊರೊವಿಚ್. ಸ್ವಾರಸ್ಯ ನೋಡಿ: ಇವರು 1919ರಲ್ಲಿ ಮ್ಯೂನಿಕ್‌ನಲ್ಲಿ ಬಂದೂಕು ಹಿಡಿದು ಕಮ್ಯುನಿಸ್ಟರ ವಿರುದ್ಧವೇ ಕಾದಾಡಿದ್ದವರು! ಟೆನ್ನಿ ಬರೀ ಮಾತಿನಲ್ಲಿ ಕಾದಾಡಿದವನು. 1952ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಅಧ್ಯಾಪಕರ ಪರ ತೀರ್ಪು ಕೊಟ್ಟಾಗ ಕಾಂಟೊರೊವಿಚ್ ಆಗಲೇ ಪ್ರಿನ್ಸ್‌ಟನ್ ಸೇರಿಯಾಗಿತ್ತು.

ಟೆನ್ನಿಯ ಕುರ್ಚಿಯೂ ಅಷ್ಟರಲ್ಲಿ ಹೋಗಿತ್ತು. ಸಹಶಾಸಕರಿಗೇ ಅವನ ಅಬ್ಬರ ಸಾಕಾಗಿ, 1949ರಲ್ಲೇ ಅಧ್ಯಕ್ಷಗಿರಿ ಬಿಡಬೇಕಾಯಿತು. ಅದೇ ವರ್ಷ ಲಾಸ್ ಏಂಜಲೀಸ್ ಮೇಯರ್ ಚುನಾವಣೆಗೆ ನಿಂತು ಸೋತ. 1952ರಲ್ಲಿ ಯೆಹೂದಿದ್ವೇಷಕ್ಕೆ ಕುಖ್ಯಾತನಾದ ಜೆರಾಲ್ಡ್ ಸ್ಮಿತ್‌ನ ಕ್ರಿಶ್ಚಿಯನ್ ನ್ಯಾಷನಲಿಸ್ಟ್ ಪಕ್ಷ ಅವನನ್ನು ಉಪಾಧ್ಯಕ್ಷ ಹುದ್ದೆಗೆ ನಿಲ್ಲಿಸಿತು. ರಿಪಬ್ಲಿಕನ್ನರೂ ದೂರವಾದರು. 1954ರ ಪ್ರಾಥಮಿಕ ಚುನಾವಣೆಯಲ್ಲಿ ಮಿಲ್ಡ್ರೆಡ್ ಯಂಗರ್ ಎಂಬ ಸ್ವಪಕ್ಷದ ಮಹಿಳೆಯೇ ಅವನನ್ನು ಸೋಲಿಸಿದರು. ನವೆಂಬರ್‌ನಲ್ಲಿ ಅವರೂ ಸೋತರು, ಆ ಮಾತು ಬೇರೆ.

ಸಮಿತಿ ಮಾತ್ರ ಹ್ಯೂ ಬರ್ನ್ಸ್ ಎಂಬ ಸೆನೆಟರನ ಕೈಯಲ್ಲಿ, ಸದ್ದಿಲ್ಲದೆ ಚೀಟಿ ಕೂಡಿಡುತ್ತ ಮುಂದುವರಿಯಿತು. ಟೆನ್ನಿ 1970ರಲ್ಲಿ ತೀರಿಕೊಂಡ. ಮರುವರ್ಷ ಸೆನೆಟ್ ನಾಯಕ ಜೇಮ್ಸ್ ಮಿಲ್ಸ್ ಸಮಿತಿಯನ್ನು ಮುಚ್ಚಿಸಿದರು. ಅದರ ಕಡತಗಳಲ್ಲಿ ಶಾಸಕರ ಹೆಸರುಗಳೇ ಸಿಕ್ಕಿದ್ದವು.