ಲೆಕ್ಕಕ್ಕೆ ಸಿಗದ ತತ್ವಶಾಸ್ತ್ರ

ಲಂಡನ್ನಿನ ಮಿಡಲ್‌ಸೆಕ್ಸ್ ವಿಶ್ವವಿದ್ಯಾಲಯ 2010ರ ಏಪ್ರಿಲ್ ಕೊನೆಯಲ್ಲಿ ತನ್ನ ತತ್ವಶಾಸ್ತ್ರದ ಅಧ್ಯಾಪಕರಿಗೆ ಒಂದು ತೀರ್ಮಾನ ತಿಳಿಸಿತು: ಬಿ.ಎ., ಎಂ.ಎ., ಪಿಎಚ್.ಡಿ. ಎಲ್ಲವೂ ಬಂದ್.

ವಿಭಾಗವೇನು ಸೊರಗಿರಲಿಲ್ಲ. 2008ರಲ್ಲಿ ಬ್ರಿಟನ್ನಿನಾದ್ಯಂತ ನಡೆದ ಸಂಶೋಧನಾ ಮೌಲ್ಯಮಾಪನದಲ್ಲಿ ಆ ವಿಶ್ವವಿದ್ಯಾಲಯದ ಎಲ್ಲ ವಿಷಯಗಳಿಗಿಂತ ಮೇಲೆ ನಿಂತದ್ದು ತತ್ವಶಾಸ್ತ್ರವೇ. 2009ರಲ್ಲಿ ಎಂ.ಎ.ಗೆ ಹೊಸದಾಗಿ ಸೇರಿದವರು 42 ಮಂದಿ. ಚೆನ್ನಾಗಿ ಹಾಲು ಕೊಡುವ ಹಸುವನ್ನೇ ಸಂತೆಗೆ ಹೊಡೆದ ಹಾಗಾಯಿತು.

ಕಾರಣ ಕೇಳಿದರೆ, ಬರೀ ದುಡ್ಡು. ವಿಭಾಗಗಳು ತಮ್ಮ ಆದಾಯದ ಶೇ. 55ನ್ನು ಕೇಂದ್ರ ಆಡಳಿತಕ್ಕೆ ಕೊಡಬೇಕೆಂಬ ನಿರೀಕ್ಷೆಯಿತ್ತು, ತತ್ವಶಾಸ್ತ್ರ ಶೇ. 53 ಕೊಡುತ್ತಿತ್ತು ಎಂದು ಅಧ್ಯಾಪಕರು ಹೇಳಿದರು. ಅಲ್ಲಿನ ಸರ್ಕಾರಿ ಅನುದಾನವೂ ವಿಷಯ ನೋಡಿ ಬರುತ್ತಿತ್ತು: ಪ್ರಯೋಗಾಲಯ ಬೇಕಾದ ವಿಷಯದ ವಿದ್ಯಾರ್ಥಿಗೆ ಹೆಚ್ಚು, ಪುಸ್ತಕ ಮತ್ತು ಮೇಷ್ಟ್ರು ಸಾಕೆನ್ನುವ ವಿಷಯಕ್ಕೆ ಕಡಿಮೆ. ಸೀಟುಗಳನ್ನು ಹೆಚ್ಚು ಅನುದಾನದ ವಿಷಯಗಳತ್ತ ತಿರುಗಿಸಿದರೆ ಲಾಭ ಎಂಬ ಎಣಿಕೆ. ವಿಭಾಗದ ಹೆಸರು ದೊಡ್ಡದೇ, ಆದರೆ ಅಳೆಯಬಹುದಾದ ಕೊಡುಗೆ ಇಲ್ಲ ಎಂದುಬಿಟ್ಟರು ಡೀನ್.

ಬಿ.ಎ.ಗೆ ಸೇರುವವರು ಕಡಿಮೆ ಇದ್ದದ್ದು ನಿಜ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಪಿಎಚ್.ಡಿ.ಯನ್ನು ತಲೆ ಎಣಿಸಿ ಅಳೆಯಲಾಗದು. ಒಬ್ಬ ವಿದ್ಯಾರ್ಥಿ ಕಾಂಟ್‌ನನ್ನೋ ಹೆಗೆಲ್‌ನನ್ನೋ ಹಿಡಿದು ಮೂರು ನಾಲ್ಕು ವರ್ಷ ಕೂರುತ್ತಾನೆ. ಬರೆದ ಅಧ್ಯಾಯವನ್ನು ಮಾರ್ಗದರ್ಶಕರು ಕೆಂಪು ಗೆರೆ ಹಾಕಿ ವಾಪಸು ಕೊಡುತ್ತಾರೆ, ವಿಚಾರಗೋಷ್ಠಿಯಲ್ಲಿ ಜೊತೆಯವರು ಜಗ್ಗಾಡುತ್ತಾರೆ. ಹೀಗೆ ಪಳಗಿದವನೇ ನಾಳೆ ಇನ್ನೊಂದು ಕಾಲೇಜಿನ ಮೇಷ್ಟ್ರು. ಅವನು ಕಲಿಸಿದ್ದು ಮಿಡಲ್‌ಸೆಕ್ಸ್‌ನ ಜಮಾ-ಖರ್ಚಿನ ಪುಸ್ತಕದಲ್ಲಿ ಎಲ್ಲಿ ಕಾಣಬೇಕು? ಇಂಥ ಗುಂಪು ಕಟ್ಟಲು ದಶಕ ಬೇಕು, ಚದುರಿಸಲು ಒಂದು ಸಭೆ ಸಾಕು.

ವಿದ್ಯಾರ್ಥಿಗಳು ಸುಮ್ಮನಿರಲಿಲ್ಲ. ಮೇ ತಿಂಗಳಲ್ಲಿ ವಿಶ್ವವಿದ್ಯಾಲಯದ ಟ್ರೆಂಟ್ ಪಾರ್ಕ್ ಆವರಣದ ಹಳೆಯ ಬಂಗಲೆಯೊಳಗೇ ಧರಣಿ ಕೂತರು. ಜೂಡಿತ್ ಬಟ್ಲರ್, ಎಟಿಯೆನ್ ಬಾಲಿಬಾರ್‌ರಂಥ ಹೆಸರಾಂತ ಚಿಂತಕರು ಬೆಂಬಲಕ್ಕೆ ನಿಂತರು. ಆಡಳಿತ ಕೆಲವು ಅಧ್ಯಾಪಕರನ್ನೂ ವಿದ್ಯಾರ್ಥಿಗಳನ್ನೂ ಅಮಾನತು ಮಾಡಿತು. ಕೋರ್ಸುಗಳನ್ನು ಮುಚ್ಚುವ ತೀರ್ಮಾನವನ್ನು ಮಾತ್ರ ಹಿಂತೆಗೆದುಕೊಳ್ಳಲಿಲ್ಲ.

ಜೂನ್‌ನಲ್ಲಿ ಅದೇ ಲಂಡನ್ನಿನ ಕಿಂಗ್‌ಸ್ಟನ್ ವಿಶ್ವವಿದ್ಯಾಲಯ ಈ ವಿಭಾಗದ ನಾಲ್ವರು ಹಿರಿಯ ಅಧ್ಯಾಪಕರನ್ನೂ ಅವರ ಸಂಶೋಧನಾ ಕೇಂದ್ರವನ್ನೂ ತನ್ನಲ್ಲಿಗೆ ಕರೆಸಿಕೊಂಡಿತು, ಎಂ.ಎ., ಪಿಎಚ್.ಡಿ. ಅಲ್ಲಿ ಮುಂದುವರಿದವು. ಒಬ್ಬರಿಗೆ ಬೇಡವಾದದ್ದು ಪಕ್ಕದವರಿಗೆ ಬೇಕಾಯಿತು ಎಂದಮೇಲೆ, ಮಿಡಲ್‌ಸೆಕ್ಸ್‌ನ ಆಡಳಿತ ಹಾಕಿದ ಲೆಕ್ಕವೇ ತಪ್ಪಾಗಿತ್ತು.