ಯಂತ್ರ ಬರೆಯುವ ಸ್ವರಲಿಪಿ



ನಾವು ಆಡಿದ ಮಾತನ್ನು ಕೇಳಿ ಅಕ್ಷರಕ್ಕಿಳಿಸುವ ಯಂತ್ರ ಈಗ ಎಲ್ಲರ ಜೇಬಿನ ಫೋನಿನಲ್ಲೇ ಇದೆ. ಹಾಗಾದರೆ ಒಂದು ಹಾಡಿನ ಧ್ವನಿಮುದ್ರಿಕೆಯನ್ನು ಕೊಟ್ಟರೆ ಅದು ಸ-ರಿ-ಗ-ಮ ಎಂದು ಸ್ವರಲಿಪಿಯನ್ನೂ ಬರೆದುಕೊಟ್ಟೀತೆ?

ಪಿಯಾನೋ ಒಂದೇ ನುಡಿಯುತ್ತಿದ್ದರೆ, ಬಹುಮಟ್ಟಿಗೆ ಹೌದು. 1975ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಜೇಮ್ಸ್ ಮೂರರ್ ತಮ್ಮ ಸಂಶೋಧನೆಯಲ್ಲಿ ಇದಕ್ಕೆ ಕೈ ಹಾಕಿದಾಗ ಒಟ್ಟಿಗೆ ಎರಡು ಎಳೆಗಳಿಗಿಂತ ಹೆಚ್ಚು ಬಿಡಿಸಲಾಗಿರಲಿಲ್ಲ. 2018ರ ಹೊತ್ತಿಗೆ ಗೂಗಲ್‌ನ ಮಜೆಂಟಾ ತಂಡದ ಕ್ರಮವಿಧಿ ಹತ್ತು ಬೆರಳುಗಳ ಪಿಯಾನೋ ವಾದನವನ್ನು ಕೇಳಿ ಬರೆಯತೊಡಗಿತು. ಪಿಯಾನೋದಲ್ಲಿ ಒಂದು ಮನೆ ಒತ್ತಿದರೆ ಒಂದು ಸ್ವರ. ಅದು ಹುಟ್ಟಿದಲ್ಲಿಯೇ ನಿಲ್ಲುತ್ತದೆ.

ನಿಂತ ಸ್ವರದ ವಿಷಯದಲ್ಲಿ ನಮ್ಮೂರಿನವರೂ ಹಿಂದೆ ಬಿದ್ದಿಲ್ಲ. ಇಲೆಕ್ಟ್ರಾನಿಕ್ಸ್ ಸಿಟಿಯ ರಾಡೆಲ್ ಸಂಸ್ಥೆಯ ಹೆಸರನ್ನು ಸಂಗೀತದ ಮನೆಗಳಲ್ಲಿ ಕೇಳಿರುತ್ತೀರಿ. ಎಂಜಿನಿಯರೂ ಕೊಳಲುವಾದಕರೂ ಆದ ಜಿ. ರಾಜ್ ನಾರಾಯಣ್ 1970ರ ದಶಕದ ಕೊನೆಯಲ್ಲಿ ಇಲೆಕ್ಟ್ರಾನಿಕ್ ತಂಬೂರವನ್ನು ರೂಪಿಸಿದರು. ಅಲ್ಲಿ ಯಂತ್ರ ಸ್ವರವನ್ನು ಹೊರಡಿಸುತ್ತದೆ. ನಾವು ಕೇಳುತ್ತಿರುವುದು ಅದರ ತಿರುವುಮುರುವು ಕೆಲಸ, ಹೊರಟ ಸ್ವರವನ್ನು ಗುರುತಿಸುವುದು. ಇದು ಬಹಳ ಕಷ್ಟದ್ದು. ಪೀಣ್ಯದ ಕಾರ್ಖಾನೆಯಲ್ಲಿ ಕಬ್ಬಿಣದ ಸರಳಿನ ವ್ಯಾಸವನ್ನು ಮೈಕ್ರೋಮೀಟರ್ ಹಿಡಿದು ಅಳೆಯುವಾಗ ಲೇತ್ ನಿಲ್ಲಿಸಿಕೊಳ್ಳುತ್ತಾರೆ. ಹಾಡುವವರನ್ನು ಹಾಗೆ ನಿಲ್ಲಿಸುವುದು ಹೇಗೆ?

ಲೆಕ್ಕ ಹೀಗಿದೆ. ಸಿ.ಡಿ. ಗುಣಮಟ್ಟದ ಮುದ್ರಿಕೆಯಲ್ಲಿ ಒಂದು ಸೆಕೆಂಡಿನ ನಾದ 44,100 ಅಂಕಿಗಳಾಗಿ ಕುಳಿತಿರುತ್ತದೆ. ಯಂತ್ರ ಒಂದು ಸಲಕ್ಕೆ 4,096 ಅಂಕಿಗಳನ್ನು, ಎಂದರೆ ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕಿಂತ ಸ್ವಲ್ಪ ಕಡಿಮೆ ನಾದವನ್ನು, ಕತ್ತರಿಸಿ ನೋಡುತ್ತದೆ ಎನ್ನೋಣ. ಅದನ್ನು ಆವರ್ತಾಂಕಗಳಾಗಿ ವಿಂಗಡಿಸಿದರೆ ಸುಮಾರು 11 ಹರ್ಟ್ಸ್‌ಗಿಂತ ಸೂಕ್ಷ್ಮ ವ್ಯತ್ಯಾಸ ನೇರವಾಗಿ ಕಾಣದು. ಒಂದು ಮನೆ ಶ್ರುತಿಯಲ್ಲಿ ಹಾಡುವ ಗಂಡಸಿನ ಷಡ್ಜ ಸುಮಾರು 131 ಹರ್ಟ್ಸ್, ಪಕ್ಕದ ಶುದ್ಧ ರಿಷಭ ಸುಮಾರು 139. ಅಂತರ ಬರೀ 8! ತುಂಡನ್ನು ದೊಡ್ಡದು ಮಾಡಿದರೆ ಇವೆರಡೂ ಬೇರೆಯಾಗಿ ಕಾಣುತ್ತವೆ. ಆದರೆ ಆ ತುಂಡಿನೊಳಗೆ ಗಾಯಕರ ಕಂಠ ಅದಾಗಲೇ ಮೇಲೆ ಹೋಗಿ ಕೆಳಗೆ ಬಂದಿರುತ್ತದೆ.

ಆದ್ದರಿಂದ ಬೇರೊಂದು ದಾರಿ ಹಿಡಿಯುತ್ತಾರೆ. ಅಲೆ ಎಷ್ಟು ಹೊತ್ತಿಗೊಮ್ಮೆ ಮರುಕಳಿಸುತ್ತದೆ ಎಂದು ಎಣಿಸುತ್ತಾರೆ. 2002ರಲ್ಲಿ ಪ್ರಕಟವಾದ 'ಯಿನ್' ಎಂಬ ಕ್ರಮವಿಧಿ ಈ ಜಾತಿಯದು, ಈಗಲೂ ಬಳಕೆಯಲ್ಲಿದೆ. ಇದಕ್ಕೂ ಒಂದು ತೊಡಕುಂಟು. ಒಂದು ಸುತ್ತಿಗೆ ಮರುಕಳಿಸುವ ಅಲೆ ಎರಡು ಸುತ್ತಿಗೂ ಮರುಕಳಿಸಿಯೇ ಮರುಕಳಿಸುತ್ತದೆ. ಯಂತ್ರ ಅಲ್ಲಿ ಮೋಸಹೋದರೆ ಮಧ್ಯಸ್ಥಾಯಿಯ ಸ್ವರವನ್ನು ಮಂದ್ರಕ್ಕೆ ಇಳಿಸಿಬಿಡುತ್ತದೆ.

ಇನ್ನು ಪಕ್ಕವಾದ್ಯಗಳು. ಪಿಟೀಲು ಗಾಯಕರ ನೆರಳಿನಂತೆ ಅರೆಕ್ಷಣ ತಡವಾಗಿ ಅದೇ ಸ್ವರಗಳನ್ನು ನುಡಿಸುತ್ತದೆ. ಮೃದಂಗದ ಬಲಗಡೆಯೂ ಶ್ರುತಿಗೆ ಕೂಡಿರುತ್ತದೆ. ಸ್ಟುಡಿಯೋದಲ್ಲಿ ನಾವು ಒಬ್ಬೊಬ್ಬರಿಗೂ ಬೇರೆ ಮೈಕ್ ಇಡುತ್ತೇವೆ, ಆದರೂ ಒಂದರ ನಾದ ಇನ್ನೊಂದಕ್ಕೆ ನುಸುಳುವುದು ತಪ್ಪದು. ತಂಬೂರ ಮಾತ್ರ ಇಲ್ಲಿ ಯಂತ್ರಕ್ಕೆ ಉಪಕಾರಿ. ನಮ್ಮಲ್ಲಿ ಷಡ್ಜ ಇಷ್ಟೇ ಎಂಬ ನಿಯಮವಿಲ್ಲ, ಅವರವರ ಕಂಠಕ್ಕೆ ತಕ್ಕಂತೆ. ಬಿಡದೆ ಮಿಡಿಯುವ ತಂಬೂರದಿಂದಲೇ ಯಂತ್ರ ಈ ಕಛೇರಿಯ ಷಡ್ಜ ಯಾವುದೆಂದು ಊಹಿಸಬಹುದು.

ಇಷ್ಟೆಲ್ಲ ಸರಿಹೋದರೂ ನಿಜವಾದ ಪರೀಕ್ಷೆ ಉಳಿದೇ ಇರುತ್ತದೆ. ತೋಡಿ ರಾಗದ ಗಾಂಧಾರವನ್ನು ತೆಗೆದುಕೊಳ್ಳಿ. ಗುರುಗಳು ಬಾಯಲ್ಲಿ 'ಗಾ' ಎನ್ನುತ್ತಾರೆ, ಕಂಠ ರಿಷಭದ ಕಡೆಯಿಂದ ಮಧ್ಯಮದ ಕಡೆಗೆ ತೂಗಾಡುತ್ತಿರುತ್ತದೆ, ಗಾಂಧಾರದ ಸ್ಥಾನದಲ್ಲಿ ನಿಲ್ಲುವುದು ಅಪರೂಪ. ಯಂತ್ರ ಪ್ರಾಮಾಣಿಕವಾಗಿ 'ರಿಮ ರಿಮ' ಎಂದು ಬರೆಯುತ್ತದೆ. ಅಳತೆಯಲ್ಲಿ ಅದು ಸುಳ್ಳಲ್ಲ; ಆದರೆ ಅದನ್ನು ನೋಡಿಕೊಂಡು ಹಾಡಿದವರ ಬಾಯಲ್ಲಿ ತೋಡಿ ಬರುವುದಿಲ್ಲ. ಸುಬ್ಬರಾಮ ದೀಕ್ಷಿತರು 1904ರಲ್ಲಿ 'ಸಂಗೀತ ಸಂಪ್ರದಾಯ ಪ್ರದರ್ಶಿನಿ'ಯನ್ನು ಹೊರತಂದಾಗ ಸ್ವರಾಕ್ಷರಗಳ ಜೊತೆಗೆ ಗಮಕಗಳಿಗೆ ಬೇರೆ ಚಿಹ್ನೆಗಳನ್ನೇ ಬಳಸಬೇಕಾಯಿತು. ಯಂತ್ರವೂ ಆ ಹಾದಿಯಲ್ಲೇ ನಡೆಯಬೇಕೆಂದು ನನಗನ್ನಿಸುತ್ತದೆ: ಮೊದಲು ರಾಗವನ್ನು ಗುರುತಿಸಿ, ಆಮೇಲೆ ಸ್ವರಕ್ಕೆ ಹೆಸರಿಡಬೇಕು. ಬಾರ್ಸಿಲೋನಾದ ಪಾಂಪೆಯು ಫಾಬ್ರಾ ವಿಶ್ವವಿದ್ಯಾನಿಲಯದಲ್ಲಿ ಝೇವಿಯರ್ ಸೆರ್ರಾ 2011ರಲ್ಲಿ ಆರಂಭಿಸಿದ ಕಾಂಪ್‌ಮ್ಯೂಸಿಕ್ ಯೋಜನೆ, ಮದರಾಸಿನ ಐ.ಐ.ಟಿ.ಯ ಸಹಯೋಗದೊಡನೆ, ಕರ್ನಾಟಕ ಸಂಗೀತವನ್ನು ಅದರದೇ ಲಕ್ಷಣಗಳಿಂದ ಅರಿಯಲು ಯತ್ನಿಸಿತು.

ಇಷ್ಟೊಂದು ಪಾಡೇಕೆ ಎನ್ನುತ್ತೀರಾ? ಪುರಂದರದಾಸರ ಪದಗಳು ನಮಗೆ ಉಳಿದಿವೆ. ದಾಸರು ಹಾಡಿದ ಮಟ್ಟುಗಳಲ್ಲಿ ಬಹುಪಾಲು ಉಳಿದಿಲ್ಲ. ಜನಪದ ಗೀತೆಗಳ ಎಷ್ಟೋ ಸಂಕಲನಗಳಲ್ಲಿಯೂ ಸಾಹಿತ್ಯವಿದೆ, ಧಾಟಿಯಿಲ್ಲ. ಈಗ ಮುದ್ರಿಕೆಗಳು ರಾಶಿಯಾಗಿವೆ, ಕುಳಿತು ಬರೆದುಕೊಳ್ಳುವ ಕೈಗಳು ಕಡಿಮೆ. ಯಂತ್ರ ಕರಡು ಪ್ರತಿ ಕೊಟ್ಟು ಬಲ್ಲವರು ತಿದ್ದಿದರೆ ಕೆಲಸ ಸಾಗೀತು. ತಿದ್ದದೆ ಅಚ್ಚಿಗೆ ಹೋದರೆ ಮಾತ್ರ, ಆ 'ರಿಮ ರಿಮ'ವೇ ಮುಂದಿನವರಿಗೆ ಪಾಠವಾಗಿಬಿಡುತ್ತದೆ.

ನಿಮ್ಮ ಕಾಲೇಜಿನ ಗಣಕಯಂತ್ರದಲ್ಲಿ ನೀವೇ ನೋಡಬಹುದು. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾನಿಲಯದವರ 'ಸಾನಿಕ್ ವಿಶುವಲೈಸರ್' ಉಚಿತವಾಗಿ ಸಿಗುತ್ತದೆ. ಮಾಯಾಮಾಳವಗೌಳದ ಸರಳೆವರಸೆಯನ್ನು ನೇರವಾಗಿ ಹಾಡಿ ಧ್ವನಿಮುದ್ರಿಸಿ, ಶ್ರುತಿಯ ಗೆರೆಯನ್ನು ತೆರೆಯ ಮೇಲೆ ನೋಡಿ, ಮೆಟ್ಟಿಲುಗಳಂತೆ ಕಂಡೀತು. ಬಳಿಕ ತೋಡಿ ಬಲ್ಲವರೊಬ್ಬರಿಂದ ಒಂದೇ ಒಂದು 'ಗಾ' ಹಾಡಿಸಿ, ಆ ಗೆರೆಯನ್ನೂ ಪಕ್ಕದಲ್ಲಿಟ್ಟು ನೋಡಿ.